ಒಳಗೇ ಉಳಿದವರ ಬಿಲ್ಲೆಗಳು

ದಿಂಬಂ ಘಾಟಿ

ದಿಂಬಂ ಘಾಟಿಯ ಮೊದಲ ತಿರುವಿನಲ್ಲೇ ಪಕ್ಕದ ಸೀಟಿನ ಹಿರಿಯರು ನನ್ನ ಮುಖ ನೋಡಿ, ಕೇಳದೆಯೇ ಒಂದು ನಿಂಬೆಹಣ್ಣು ಕೈಗಿಟ್ಟರು. ಮೂಸುತ್ತಾ ಕುಳಿತರೆ ಹೊಟ್ಟೆ ತೊಳಸುವುದಿಲ್ಲವಂತೆ. ಮೂಸಿದೆ. ಅರ್ಧ ಘಾಟಿ ಇಳಿದ ಮೇಲೆ ಅವರು ಕೈ ಚಾಚಿ ಹಣ್ಣನ್ನು ವಾಪಸ್ ಇಸಿದುಕೊಂಡರು. ಪಂಚೆಯ ತುದಿಯಲ್ಲಿ ಒರೆಸಿ, ಹಿಂದಿನ ಸೀಟಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದ ಹೆಂಗಸಿಗೆ ದಾಟಿಸಿದರು. ನನ್ನ ಸರದಿ ಮುಗಿದಿತ್ತು. ತಮಿಳುನಾಡಿನಲ್ಲಿ ನನಗೆ ಸಿಕ್ಕ ಮೊದಲ ಉಪಚಾರ ಇದು. ಅದಕ್ಕೊಂದು ಶಿಸ್ತು ಇತ್ತು.

ನಾನು ದಾವಣಗೆರೆಯ ಒಂದು ದಿನಪತ್ರಿಕೆಯಲ್ಲಿ ಸುದ್ದಿ ತಿದ್ದುವವನು. ಬಿಡುವಿನ ವೇಳೆಯಲ್ಲಿ ಮೈಸೂರು ಸೀಮೆಯ ಹಳೆಯ ತಾಮ್ರದ ಆನೆ ಕಾಸುಗಳನ್ನು ಕೂಡಿಡುತ್ತೇನೆ. ನಾಣ್ಯ, ಪದಕ, ನೋಟುಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡುವವರದ್ದೇ ಒಂದು ರಾಷ್ಟ್ರೀಯ ಸಂಘವಿದೆ. ಬಹಳ ವರ್ಷಗಳಿಂದ ಅದರ ಸದಸ್ಯನಾಗಿದ್ದರೂ ಅಂಚೆಯ ಮೂಲಕ ಮಾತ್ರ ಸಂಬಂಧ. ಈ ಸಲ ಅದರ ವಾರ್ಷಿಕ ಸಭೆ ಕೊಯಮತ್ತೂರಿನಲ್ಲಿತ್ತು. ಒಂದು ಕಾಲಕ್ಕೆ ನಮ್ಮೂರಿನ ಹಾಗೆಯೇ ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರು ಎಂಬ ಕುತೂಹಲಕ್ಕೆ ರಜೆ ಹಾಕಿ ಹೊರಟೆ.

ಇದನ್ನು ವಿದೇಶ ಪ್ರವಾಸ ಎನ್ನಲಾಗದು. ಆದರೂ ಸತ್ಯಮಂಗಲ ದಾಟಿದ ಮೇಲೆ ಅಂಗಡಿಯ ಒಂದು ಫಲಕವನ್ನೂ ಓದಲಾಗದೆ ಕುಳಿತಾಗ ಪರದೇಶ ಎಂದರೆ ಏನೆಂದು ಸ್ವಲ್ಪ ತಿಳಿಯಿತು. ಓದಿಯೇ ಹೊಟ್ಟೆ ಹೊರೆಯುವವನು ಒಂದು ಘಾಟಿ ಇಳಿದ ಮಾತ್ರಕ್ಕೆ ನಿರಕ್ಷರಿಯಾಗಿದ್ದೆ.

ಕೊಯಮತ್ತೂರು, ಮೊದಲ ದಿನ

ಸಭೆ ನಡೆಯುವುದು ಒಂದು ಕಲ್ಯಾಣ ಮಂಟಪದಲ್ಲಿ ಎಂದು ತಿಳಿಸಿದ್ದರು. ಅದೇ ರಸ್ತೆಯಲ್ಲಿ ಅಂಟಿಕೊಂಡಂತೆ ಎರಡು ಮಂಟಪಗಳಿದ್ದವೆಂದು ತಿಳಿಸಿರಲಿಲ್ಲ. ಬಾಗಿಲಲ್ಲಿ ಪನ್ನೀರು ಚಿಮುಕಿಸಿದಾಗಲೇ ಅನುಮಾನ ಬರಬೇಕಿತ್ತು. ನಾಣ್ಯ ಸಂಗ್ರಹಕಾರರು ಇಷ್ಟು ರಸಿಕರೇ ಎಂದುಕೊಂಡು ಒಳಗೆ ಹೋದೆ. ಕೈ ಹಿಡಿದು ಕರೆದೊಯ್ದು ಎಲೆಯ ಮುಂದೆ ಕೂರಿಸಿದರು. ಇಡ್ಲಿ, ಪೊಂಗಲ್ಲು, ಕೇಸರಿಬಾತು ಬಿದ್ದವು. ಎರಡನೆಯ ಇಡ್ಲಿಯ ಹೊತ್ತಿಗೆ ಬಡಿಸುವವರ ಮೇಲ್ವಿಚಾರಣೆ ಮಾಡುತ್ತಿದ್ದವರೊಬ್ಬರು ಬಾಗಿ, ಮಗುವಿನ ಅಪ್ಪನ ಕಡೆಯೋ ಸೋದರಮಾವನ ಕಡೆಯೋ ಎಂದು ತಮಿಳಿನಲ್ಲಿ ಕೇಳಿದರು. ಅದು ಒಂದು ಮಗುವಿನ ಕಿವಿ ಚುಚ್ಚುವ ಸಮಾರಂಭ. ನಾನು ನಾಣ್ಯದ ಕಡೆ ಎಂದೆ. ಅವರು ಪಕ್ಕದ ಕಟ್ಟಡದ ಕಡೆ ಬೆರಳು ತೋರಿಸಿ ಜೋರಾಗಿ ನಕ್ಕರು, ಆಮೇಲೆ ಬಡಿಸುವವನಿಗೆ ಕೂಗಿ ಇನ್ನೊಂದು ಇಡ್ಲಿ ಹಾಕಿಸಿದರು. ನಮ್ಮೂರಲ್ಲೂ ಎಲೆಯ ಮುಂದೆ ಕೂತವನನ್ನು ಎಬ್ಬಿಸುವುದಿಲ್ಲ. ಆದರೆ ಯಾರ ಕಡೆಯವನೆಂದು ತಿಳಿಯುವವರೆಗೆ ಬಡಿಸುವ ಕೈ ಕೊಂಚ ನಿಧಾನವಾಗುತ್ತದೆ. ಇಲ್ಲಿ ಚುರುಕಾಯಿತು.

ಸರಿಯಾದ ಮಂಟಪದಲ್ಲಿ ಪನ್ನೀರು ಇರಲಿಲ್ಲ. ಮದುವೆಯ ಮಂಟಪಕ್ಕೆ ಹೊಂದದಷ್ಟು ಮೌನವಿತ್ತು. ಉದ್ದ ಮೇಜುಗಳ ಮೇಲೆ ಗಾಜಿನ ಪೆಟ್ಟಿಗೆಗಳು; ಅವುಗಳ ಮೇಲೆ ಬಾಗಿದ ಬೆನ್ನುಗಳು; ಪ್ರತಿಯೊಬ್ಬರ ಕೊರಳಲ್ಲೂ ದಾರಕ್ಕೆ ಕಟ್ಟಿದ ಭೂತಗನ್ನಡಿ. ನಾಣ್ಯವನ್ನು ಎರಡು ಬೆರಳಲ್ಲಿ ಅಂಚು ಹಿಡಿದೇ ಎತ್ತುತ್ತಾರೆ. ಹೊಸಬರು ಸಿಕ್ಕರೆ ಊರು ಕೇಳುವ ಮೊದಲು ಏನನ್ನು ಕೂಡಿಡುತ್ತೀರಿ ಎಂದು ಕೇಳುತ್ತಾರೆ.

ಇವರ ಜೊತೆ ಚಹಾ ಕುಡಿಯಲು ಹೋಗುವುದೂ ಒಂದು ಅನುಭವವೇ. ಅಂಗಡಿಯವರು ಚಿಲ್ಲರೆ ಕೊಟ್ಟರು. ಜೊತೆಗಿದ್ದ ಮೂವರೂ ಅದನ್ನು ಹಂಚಿಕೊಂಡು, ಇಸವಿಯ ಕೆಳಗೆ ಚುಕ್ಕೆಯಿದೆಯೋ ನಕ್ಷತ್ರವಿದೆಯೋ ಎಂದು ಭೂತಗನ್ನಡಿಯಲ್ಲಿ ನೋಡತೊಡಗಿದರು. ನೋಯ್ಡಾದಲ್ಲಿ ಟಂಕಿಸಿದ್ದಕ್ಕೆ ಚುಕ್ಕೆ, ಹೈದರಾಬಾದಿನದಕ್ಕೆ ನಕ್ಷತ್ರ. ಅಂಗಡಿಯವರಿಗೆ ಇದು ಗೊತ್ತಿರಬೇಕೆಂದೇನೂ ಇಲ್ಲ. ತಮ್ಮ ಕಾಸು ಖೋಟಾ ಎಂದು ಪರೀಕ್ಷಿಸುತ್ತಿದ್ದಾರೆಂದು ಭಾವಿಸಿ ಅವರ ಮುಖ ಕೆಂಪಾಯಿತು. ಎಲ್ಲವನ್ನೂ ಕಸಿದುಕೊಂಡು ಬೇರೆ ಚಿಲ್ಲರೆ ಕೊಟ್ಟರು. ಮೂವರೂ ಅದನ್ನೂ ನೋಡತೊಡಗಿದರು.

ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯಲು ಹೋದಾಗ, ನಲ್ಲಿಗಳ ಪಕ್ಕದ ಪಡಸಾಲೆಯಲ್ಲಿ ಒಂದು ದೊಡ್ಡ ಮರದ ಹಲಗೆ ಗೋಡೆಗೆ ಒರಗಿ ನಿಂತಿತ್ತು. ಸಾಲುಸಾಲು ಮೊಳೆಗಳು. ಪ್ರತಿ ಮೊಳೆಗೂ ಒಂದು ಹಿತ್ತಾಳೆಯ ಬಿಲ್ಲೆ ನೇತುಬಿದ್ದಿತ್ತು. ಕೆಲವು ಬಿಲ್ಲೆಗಳ ಮೇಲೆ ಸಂಖ್ಯೆ, ಕೆಲವುಗಳ ಮೇಲೆ ನೂಲು ಸುತ್ತುವ ಕದಿರಿನ ಚಿತ್ರ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಳಿ ಅಂಗಿ, ಬಿಳಿ ಪಂಚೆಯ ಮಧ್ಯವಯಸ್ಕರೊಬ್ಬರು ಕುಳಿತು, ಕೈ ತೊಳೆದವರು ನೀರು ಕೊಡವಿದಾಗಲೆಲ್ಲ ಎದ್ದು ಟವೆಲ್ಲಿನಿಂದ ಹಲಗೆ ಒರೆಸುತ್ತಿದ್ದರು.

ನನ್ನ ಎದೆಯ ಮೇಲಿನ ಚೀಟಿಯಲ್ಲಿ ಊರಿನ ಹೆಸರು ನೋಡಿ ಅವರು ಎದ್ದು ನಿಂತರು. ‘ದಾವಣಗೆರೆಯಾಂಗ? ಬನ್ನಿಂಗ, ಬನ್ನಿಂಗ. ನಾವೂ ಕನ್ನಡದೋರೇ. ನಮ್ಮ ಮಾತು ಕೇಳಿ ನಗಬಾರದು, ಆಯ್ತಾಂಗ.’

ಅವರ ಹೆಸರು ಸೌಡಪ್ಪನ್. ನಮ್ಮ ಕಡೆ ಚೌಡಪ್ಪ ಎನ್ನುವ ಹೆಸರೇ. ನೇಯ್ಗೆಯ ಮನೆತನ, ತಲೆಮಾರುಗಳಿಂದ ಇಲ್ಲೇ ನೆಲೆಸಿದವರು, ಈಗ ಪಲ್ಲಡಂನಲ್ಲಿ ವಿದ್ಯುತ್ ಮಗ್ಗ ನಡೆಸುತ್ತಾರೆ. ಕನ್ನಡ ಮನೆಯೊಳಗಿನ ಮಾತು. ಲಿಪಿ ಓದಲು ಬರುವುದಿಲ್ಲ. ಈ ಸೀಮೆಯ ತಮಿಳಿನಲ್ಲಿ ಮರ್ಯಾದೆಗೆ ಮಾತಿನ ತುದಿಗೆ ‘ಂಗ’ ಸೇರಿಸುತ್ತಾರೆ. ಸೌಡಪ್ಪನ್ ಅದನ್ನು ಕನ್ನಡಕ್ಕೂ ಸೇರಿಸುತ್ತಿದ್ದರು. ಹೌದುಂಗ, ಇಲ್ಲಂಗ. ಸ್ವಲ್ಪ ಹೊತ್ತಿಗೆ ನನಗೂ ಅದಿಲ್ಲದ ಮಾತು ಒರಟೆನಿಸತೊಡಗಿತು.

ಹಲಗೆ ಮುಚ್ಚಿಹೋದ ಒಂದು ನೂಲಿನ ಗಿರಣಿಯದು. ಕೆಲಸಗಾರರು ಪಾಳಿಗೆ ಮುಂಬಾಗಿಲಿನಿಂದ ಒಳಗೆ ಹೋಗುವಾಗ ತಮ್ಮ ಬಿಲ್ಲೆಯನ್ನು ಕದಿರಿನ ಬದಿಗೆ ತಿರುಗಿಸುತ್ತಿದ್ದರು: ಒಳಗಿದ್ದೇನೆ. ಪಾಳಿ ಮುಗಿಸಿ ಹೊರಡುವಾಗ ಸಂಖ್ಯೆಯ ಬದಿಗೆ ತಿರುಗಿಸುತ್ತಿದ್ದರು: ಮನೆಗೆ ಹೋದೆ. ಗಿರಣಿ ಮುಚ್ಚಿದ್ದು ಪಾಳಿಯ ನಡುವೆ. ಮುಂಬಾಗಿಲಿಗೆ ಬೀಗ ಹಾಕಿ, ಒಳಗಿದ್ದವರನ್ನು ಹಿಂಬಾಗಿಲಿನಿಂದ ಕಳಿಸಿದರು. ಹಲಗೆ ಇದ್ದದ್ದು ಮುಂಬಾಗಿಲಲ್ಲಿ.

‘ಆವತ್ತು ನಾನು ನೂಲು ತಗಳ್ಳಕ್ಕೆ ಬಂದು ಮುಂದಿನ ಗೇಟಲ್ಲೇ ನಿಂತಿದ್ದೆನುಂಗ. ಕಣ್ಣಾರೆ ನೋಡಿದೆ. ಬಹಳ ವರ್ಷ ಆದ ಮೇಲೆ ಹಳೇ ಕಬ್ಬಿಣದ ಅಂಗಡೀಲಿ ಈ ಹಲಗೆ ಸಿಕ್ತು. ಅಂಗಡಿಯೋನು ಹಿತ್ತಾಳೆ ಕರಗಿಸಿ ಪಂಪಿನ ಬುಷ್ ಮಾಡಕ್ಕೆ ಕೊಡ್ತೀನಿ ಅಂತಿದ್ದ. ಎಣ್ಣೆ ಜಿಡ್ಡು ಹಿಡಿದು ಬಿಲ್ಲೆಗಳು ಮೊಳೆಗೇ ಅಂಟಿಕೊಂಡಿದ್ದವು, ಹಂಗೇ ಎತ್ತಿಕೊಂಡು ಬಂದೆ. ಒಂದು ಬಿಲ್ಲೇನೂ ತಿರುಗಿಸಿಲ್ಲ.’

ಹಾಗಾಗಿ ಆ ದಿನ ರಜೆಯಲ್ಲಿದ್ದವರೂ ಬೇರೆ ಪಾಳಿಯವರೂ ಹಲಗೆಯ ಮೇಲೆ ಸಂಖ್ಯೆಗಳಾಗಿದ್ದರು. ಒಳಗಿದ್ದವರು ಇನ್ನೂ ಕದಿರುಗಳಾಗಿದ್ದರು.

ಸಂಘದ ಪ್ರದರ್ಶನದಲ್ಲಿ ಮೂರೇ ವಿಭಾಗಗಳು: ನಾಣ್ಯ, ಪದಕ, ನೋಟು. ಬಿಲ್ಲೆಗಳಿಗೆ ವಿಭಾಗವಿಲ್ಲ. ಅವು ‘ಇತರೆ’. ಇತರೆಗೆ ಸಿಗುವುದು ಕೈ ತೊಳೆಯುವ ಜಾಗದ ಪಡಸಾಲೆ. ಬಿಲ್ಲೆಯೂ ಅಭ್ಯಾಸದ ವಸ್ತುವೇ, ಅದಕ್ಕೂ ಒಳಗೆ ಜಾಗ ಕೊಡಿ ಎಂದು ಸೌಡಪ್ಪನ್ ಪ್ರತಿ ಸಭೆಯಲ್ಲೂ ಕೇಳುತ್ತ ಬಂದಿದ್ದಾರೆ. ಈ ಸಲ ಕಾರ್ಯಕಾರಿ ಸಮಿತಿ ಒಂದು ಮಾತು ಕೊಟ್ಟಿತ್ತು. ಅವರ ಹಲಗೆಗೆ ಪ್ರಥಮ ದರ್ಜೆ ಬಂದರೆ ಮುಂದಿನ ವರ್ಷದಿಂದ ಬಿಲ್ಲೆಗಳದ್ದೇ ನಾಲ್ಕನೆಯ ವಿಭಾಗ. ತೀರ್ಪು ಮೂರನೆಯ ದಿನ, ಭಾನುವಾರ.

ತೀರ್ಪುಗಾರರು ಸೊಲ್ಲಾಪುರದ ಮಠಪತಿಯವರು, ನಿವೃತ್ತ ಅಧ್ಯಾಪಕರು. ಮೊದಲ ಸುತ್ತಿನ ಪರಿಶೀಲನೆಗೆ ನಾನಿದ್ದಾಗಲೇ ಬಂದರು. ಸೊಲ್ಲಾಪುರವೂ ಗಿರಣಿಗಳ ಊರೇ, ಅಲ್ಲೂ ಕನ್ನಡದ ಮನೆಗಳಿವೆ. ಹೀಗೆ ತಮಿಳುನಾಡಿನ ಒಂದು ಪಡಸಾಲೆಯಲ್ಲಿ ಮೂರು ಗಿರಣಿ ಊರುಗಳ ಮೂರು ಕನ್ನಡಗಳು ಎದುರಾದವು.

‘ಏನ್ರೀ ಇದು? ಅರ್ಧಾ ಈ ಕಡಿ, ಅರ್ಧಾ ಆ ಕಡಿ. ನಂಬರ್ ಎಲ್ಲಾ ಮುಂದ ಬರೂಹಂಗ ತಿರಗಿಸಿ ಇಡ್ರಿ’ ಎಂದರು ಮಠಪತಿ.

‘ಆಗಾದಿಲ್ಲಂಗ ಸಾರ್. ಸಿಕ್ಕಿದ್ದೇ ಹಿಂಗೆ. ಯಾರೂ ಮುಟ್ಟಬಾರದು.’

‘ಮುಖಾನ ತೋರಸಲಾರದ ಪ್ರದರ್ಶನ ಅಂದ್ರ ವರನ ಬೆನ್ನ ನೋಡಿ ಕನ್ಯಾ ಕೊಟ್ಟಂಗ ಆತಲ್ರೀ! ಓದಲಿಕ್ಕೆ ಬರದಿದ್ರ ನಾ ಏನಂತ ಮಾರ್ಕ್ಸ್ ಹಾಕ್ಲಿ?’

ಸೌಡಪ್ಪನ್ ಹಿಂಬಾಗಿಲಿನ ಕಥೆ ಹೇಳಿದರು. ಮಠಪತಿ ಪೂರ್ತಿ ಕೇಳಿಸಿಕೊಂಡರು. ಸಿಕ್ಕ ಸ್ಥಿತಿಯಲ್ಲೇ ಇಟ್ಟಿದ್ದೇನೆ ಎನ್ನುವುದೂ ಒಂದು ವಾದವೇ, ನೋಡೋಣ ಎಂದರು. ‘ಆದ್ರ ಒಂದ ಮಾತ್ ತಿಳೀರಿ. ಹಂಗಿದ್ರ ಕಡೀತನಕ ಹಂಗೇ ಇರಬೇಕು. ನೋಂದಣಿ ಆದ ಮ್ಯಾಲೆ ಒಂದ ಬಿಲ್ಲೆ ತಿರಗಿದ್ರೂ ಇದು ಸ್ಪರ್ಧೆಯಿಂದ ಹೊರಗ.’

ಅವರು ಅತ್ತ ಹೋದ ಸ್ವಲ್ಪ ಹೊತ್ತಿಗೆ ಒಬ್ಬ ವಯಸ್ಸಾದ ಹೆಂಗಸು ಬಂದರು. ಪ್ರದರ್ಶನದ ತಯಾರಿಯ ವೇಳೆ ತೆಗೆದ ಹಲಗೆಯ ಚಿತ್ರ ಆ ದಿನದ ತಮಿಳು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ಹರಿದು ಮಡಿಚಿ ಕೈಯಲ್ಲಿ ಹಿಡಿದಿದ್ದರು. ಹಲಗೆಯ ಮುಂದೆ ನಿಂತು ಬಲಗೈ ಎತ್ತಿದರು. ಹುಡುಕಲಿಲ್ಲ, ಕೈ ನೇರವಾಗಿ ಒಂದು ಬಿಲ್ಲೆಯ ಹತ್ತಿರ ಹೋಗಿ ನಿಂತಿತು. ಅಲ್ಲಿ ಕದಿರಿತ್ತು.

‘ಇನ್ನುಂ ನಾನ್ ವೀಟ್ಟುಕ್ಕು ಪೋಗಲಿಯಾ?’ ಎಂದರು. ನಾನಿನ್ನೂ ಮನೆಗೆ ಹೋಗಿಯೇ ಇಲ್ಲವಾ? ನನ್ನ ಅರೆಬರೆ ತಮಿಳಿಗೂ ಅದು ಅರ್ಥವಾಯಿತು.

ಬಿಲ್ಲೆಯನ್ನು ತಿರುಗಿಸಲು ಬೆರಳು ಚಾಚುವಷ್ಟರಲ್ಲಿ ಸೌಡಪ್ಪನ್ ಆಕೆಯ ಮಣಿಕಟ್ಟು ಹಿಡಿದರು. ‘ವೇಂಡಾಂಗಮ್ಮಾ. ತೊಡಾದೀಂಗ.’ ಬೇಡಮ್ಮಾ, ಮುಟ್ಟಬೇಡಿ. ಕಾರಣವನ್ನೂ ತಮಿಳಿನಲ್ಲಿ ವಿವರಿಸಿದರು. ಆಕೆ ವಾದ ಮಾಡಲಿಲ್ಲ. ‘ಸರಿಂಗ’ ಎಂದರು. ಹೆಸರು, ಊರು, ಕೆಲಸ ಕೇಳುವುದು ನನ್ನ ವೃತ್ತಿಯ ಚಟ. ಕೇಳಿದೆ. ಪಳನಿಯಮ್ಮಾಳ್, ತಿರುಪ್ಪೂರು, ಬನಿಯನ್ ಕಂಪನಿಯಲ್ಲಿ ದಾರ ಕತ್ತರಿಸುವುದು. ಯಾವ ಬೀದಿ ಎಂದೂ ಹೇಳಿದರು. ಚಿತ್ರವನ್ನು ಮತ್ತೆ ಮಡಿಚಿಕೊಂಡು ಹೊರಟುಹೋದರು.

ಸೌಡಪ್ಪನ್ ಆ ಮೇಲೆ ಯಾರು ನೀರು ಕೊಡವಿದರೂ ಏಳಲಿಲ್ಲ.

ಪಲ್ಲಡಂ

ಎರಡನೆಯ ದಿನ ಪ್ರಬಂಧಗಳ ಮಂಡನೆ. ರೋಮನ್ ನಾಣ್ಯಗಳ ಕುರಿತದ್ದೊಂದನ್ನು ಕೇಳಿದೆ. ಈ ಸೀಮೆಯ ನೆಲದಲ್ಲಿ ಸಿಗುವ ಕೆಲವು ರೋಮನ್ ನಾಣ್ಯಗಳಲ್ಲಿ ದೊರೆಯ ಮುಖಕ್ಕೆ ಉಳಿಯಿಂದ ಹೊಡೆದ ಗೀರು ಇರುತ್ತದಂತೆ. ಏಕೆ ಹೊಡೆದರೆಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಯಾರೂ ಒಪ್ಪದಿದ್ದರೂ ಯಾರೂ ದನಿ ಏರಿಸಲಿಲ್ಲ. ಸುದ್ದಿಮನೆಯಲ್ಲಿ ಬದುಕಿದವನಿಗೆ ಇದು ವಿಚಿತ್ರವೇ.

ನಡುವೆ ಸೌಡಪ್ಪನ್ ಬಂದು, ಮಗ್ಗದಲ್ಲಿ ಏನೋ ತೊಂದರೆ, ಮನೆಗೆ ಹೋಗಿ ಬರಬೇಕು, ನೀವೂ ಬನ್ನಿ ಎಂದು ತಮ್ಮ ಸರಕಿನ ಗಾಡಿಯಲ್ಲಿ ಕರೆದೊಯ್ದರು. ದಾರಿಯುದ್ದಕ್ಕೂ ಕೋಳಿ ಫಾರಂಗಳು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯಲು ಮೂಗೊಂದು ಸಾಕು. ಪಲ್ಲಡಂ ಹತ್ತಿರವಾದಂತೆ ವಾಸನೆಯ ಜೊತೆ ಮಗ್ಗದ ಸದ್ದೂ ಸೇರಿಕೊಂಡಿತು. ಅವರ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಆ ಸದ್ದಿನಲ್ಲಿ ಅವರು ಎತ್ತರದ ದನಿಯಲ್ಲಿ ಮಾತಾಡುವುದಿಲ್ಲ. ಸದ್ದಿನ ಕೆಳಗೆ ನುಸುಳುವ ಹಾಗೆ ತಗ್ಗಿದ ದನಿಯಲ್ಲಿ ಆಡುತ್ತಾರೆ. ನಾನು ಮಾತ್ರ ಕೂಗುತ್ತಿದ್ದೆ.

ಅವರ ಹೆಂಡತಿ ಈಶ್ವರಿಯವರು ಕಡಲೆಕಾಯಿ ಚಟ್ನಿಯ ಜೊತೆ ದೋಸೆ ಹಾಕಿಕೊಟ್ಟರು. ದಾವಣಗೆರೆಯವನ ಮುಂದೆ ದೋಸೆ ಇಡುವುದು ಧೈರ್ಯದ ಕೆಲಸ. ಬೆಣ್ಣೆ ಇಲ್ಲದಿದ್ದರೂ ದೋಸೆ ಚೆನ್ನಾಗಿತ್ತು ಎಂದು ದಾಖಲಿಸುತ್ತೇನೆ.

‘ಇವರಿಗೆ ಹಿತ್ತಾಳೆ ಮೇಲಿರೋ ಪಾಸ ನನ್ನ ಮೇಲಿಲ್ಲಂಗ ಅಣ್ಣಾ’ ಎಂದರು ಈಶ್ವರಿ. ಪಾಸ ಎಂದರೆ ಇಲ್ಲಿ ಅಕ್ಕರೆ. ‘ನಿನ್ನೆ ಬಂದೋರು ಊಟ ಮಾಡಿಲ್ಲ. ಯಾರೋ ಆಯಮ್ಮನ ಕೈ ಹಿಡಿದುಬಿಟ್ಟೆ, ಹಿಡಿದುಬಿಟ್ಟೆ ಅಂತ ಒಂದೇ ಮಾತು. ನಾನು ಏನೇನೋ ಅಂದುಕೊಂಡೆ!’

ಸೌಡಪ್ಪನ್ ತಟ್ಟೆ ನೋಡುತ್ತಾ, ‘ಒಬ್ಬರಿಗೆ ಬಿಟ್ಟರೆ ಎಲ್ಲಾ ಹೋಯ್ತು. ಯಾರೂ ಮುಟ್ಟಿಲ್ಲ ಅನ್ನೋದೊಂದೇ ನನ್ನ ಮಾತಿಗೆ ಬಲ’ ಎಂದರು.

‘ಅವಳ ಬಿಲ್ಲೆ ತಾನೆ? ಅವಳು ತಿರುಗಿಸಿದರೆ ನಿಮ್ಮ ಗಂಟೇನು ಹೋಯ್ತದೆ?’

‘ನಾಲ್ಕನೇ ವಿಭಾಗ ಹೋಯ್ತದೆ.’

‘ಆ ಜಡ್ಜಯ್ಯ ನಾಳೆ ರೈಲು ಹತ್ತಿ ಅವರೂರಿಗೆ ಹೋಯ್ತಾರೆ. ಆಯಮ್ಮ ಮಾತ್ರ ನಿಮ್ಮ ಹಲಗೆ ಒಳಗೇ ಇರ್ತಾಳೆ. ಆಮೇಲೆ ದಿನಾ ಹೆಂಗೆ ಮುಖ ನೋಡ್ತೀರಿ?’ ಎಂದು ಈಶ್ವರಿ ಇನ್ನೊಂದು ದೋಸೆಯನ್ನು ಗಂಡನ ತಟ್ಟೆಗೆ ಹಾಕಿದರು. ‘ಮೊದಲು ತಿನ್ನಿ. ತಿಂದು ತಿರುಪ್ಪೂರಿಗೆ ಹೋಗಿ ಬನ್ನಿ.’

ಮಗ್ಗದಲ್ಲಿ ತೊಂದರೆ ಏನೂ ಇದ್ದಂತೆ ಕಾಣಲಿಲ್ಲ. ನಾವು ತಿರುಪ್ಪೂರಿನ ದಾರಿ ಹಿಡಿದೆವು.

ತಿರುಪ್ಪೂರು

ತಿರುಪ್ಪೂರಿನ ಬೀದಿಯಲ್ಲಿ ನಡೆಯುವಾಗ ಇದು ಯಾವ ರಾಜ್ಯ ಎಂದು ಕೆಲವೊಮ್ಮೆ ಮರೆತುಹೋಗುತ್ತದೆ. ಗೋಡೆಗಳ ಮೇಲೆ ‘ಕೆಲಸಕ್ಕೆ ಬೇಕಾಗಿದ್ದಾರೆ’ ಎಂಬ ಚೀಟಿಗಳು ತಮಿಳಿನ ಪಕ್ಕದಲ್ಲೇ ಹಿಂದಿಯಲ್ಲೂ ಇವೆ. ಚಹಾದ ಅಂಗಡಿಯಲ್ಲಿ ಒಡಿಯಾ, ಭೋಜಪುರಿ. ಅವರೆಲ್ಲ ನನಗಿಂತ ಚೆನ್ನಾಗಿ ತಮಿಳು ಮಾತಾಡುತ್ತಿದ್ದರು. ನಮ್ಮೂರಿನ ಗಿರಣಿಗಳು ಮುಚ್ಚಿದ ಮೇಲೆ ಆ ಜಾಗಗಳಲ್ಲಿ ಬಡಾವಣೆಗಳೆದ್ದವು, ಮಂಡಕ್ಕಿ-ಮಿರ್ಚಿಯ ಅಂಗಡಿಗಳು ಉಳಿದವು. ಇಲ್ಲಿ ಒಂದು ಕಡೆ ಮುಚ್ಚಿದ್ದು ಇನ್ನೊಂದು ಕಡೆ ಬೇರೆ ರೂಪದಲ್ಲಿ ತೆರೆದುಕೊಂಡಿದೆ.

ಪಳನಿಯಮ್ಮಾಳ್ ಹೇಳಿದ ಬೀದಿಯ ಬನಿಯನ್ ಕಂಪನಿಗೆ ಹೋದಾಗ ಊಟದ ಬಿಡುವು ಮುಗಿದು ಜನ ಒಳಗೆ ಹೋಗುತ್ತಿದ್ದರು. ಬಾಗಿಲಲ್ಲಿ ಹಲಗೆ ಇರಲಿಲ್ಲ. ಗೋಡೆಗೆ ಬೆರಳಚ್ಚಿನ ಯಂತ್ರವಿತ್ತು. ಒಬ್ಬೊಬ್ಬರೇ ಬೆರಳಿಡುತ್ತಿದ್ದರು, ಅದು ಕುಂಯ್ ಎನ್ನುತ್ತಿತ್ತು. ಪಳನಿಯಮ್ಮಾಳ್ ಬೆರಳಿಟ್ಟರು. ಯಂತ್ರ ಸುಮ್ಮನಿತ್ತು. ಬೆರಳನ್ನು ಸೀರೆಗೆ ಒರೆಸಿ ಮತ್ತೆ ಇಟ್ಟರು. ಕೆಂಪು ದೀಪ. ಎಷ್ಟೋ ವರ್ಷ ದಾರ ಎಳೆದು ಬೆರಳ ತುದಿಯ ಗೆರೆಗಳು ಸವೆದಿದ್ದವು. ಹಿಂದೆ ನಿಂತಿದ್ದ ಹುಡುಗಿಯರು ನಕ್ಕರು. ದಿನನಿತ್ಯದ ನಗು ಅದು. ಮೇಲ್ವಿಚಾರಕಿ ಬಂದು ಕೈಯಿಂದಲೇ ಹಾಜರಿ ಒತ್ತಿ ಒಳಗೆ ಬಿಟ್ಟರು.

ನಮ್ಮನ್ನು ಕಂಡು ಪಳನಿಯಮ್ಮಾಳ್ ಹೊರಗೆ ಬಂದರು. ಯಂತ್ರದ ಕಡೆ ಗಲ್ಲ ತೋರಿಸಿ ಸೌಡಪ್ಪನ್ ಅವರಿಗೆ ಏನೋ ಅಂದರು. ಸೌಡಪ್ಪನ್ ನಗಲೂ ಆಗದೆ ನಗದಿರಲೂ ಆಗದೆ ನನಗೆ ಕನ್ನಡದಲ್ಲಿ ಹೇಳಿದರು. ‘ನಿಮ್ಮ ಹಲಗೆ ನಾನು ಹೊರಗೇ ಬಂದಿಲ್ಲ ಅಂತದೆ, ಈ ಮಿಷನ್ನು ನಾನು ಒಳಗೇ ಬಂದಿಲ್ಲ ಅಂತದೆ. ಮತ್ತೆ ನಾನು ಇರೋದಾದ್ರೂ ಎಲ್ಲಿ ಅಂತ ಕೇಳ್ತಾರಂಗ.’

ಸೌಡಪ್ಪನ್ ನಾಳೆ ಬನ್ನಿ, ಬಂದು ತಿರುಗಿಸಿ ಎಂದರು. ಆಕೆ ತೀರ್ಪುಗಾರರು ಒಪ್ಪಿದರೇ ಎಂದು ಕೇಳಿದರು. ಇಲ್ಲ ಎಂದರು ಸೌಡಪ್ಪನ್. ಹೇಗೂ ಸ್ಪರ್ಧೆ ಹೋಗುವುದೇ ಆದರೆ ನಾನೊಬ್ಬಳೇ ಬರುವುದಿಲ್ಲ, ಅಂದಿನ ಪಾಳಿಯವರು ಈ ಊರಲ್ಲೂ ಪಲ್ಲಡಂನಲ್ಲೂ ಇನ್ನೂ ಕೆಲವರಿದ್ದಾರೆ, ನಾಳೆ ಭಾನುವಾರ, ಎಲ್ಲರಿಗೂ ರಜೆ ಎಂದರು ಪಳನಿಯಮ್ಮಾಳ್.

ಆಮೇಲೆ ಸರೋಜಾಳ ವಿಷಯ ಹೇಳಿದರು. ವೆಳ್ಳಕೋಯಿಲ್ ಕಡೆಯ ಹೆಂಗಸು. ಗಿರಣಿಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಹರಿದ ನೂಲು ಜೋಡಿಸುತ್ತಿದ್ದರು. ಹಲಗೆಯಲ್ಲೂ ಅಕ್ಕಪಕ್ಕದ ಮೊಳೆ. ಆ ದಿನ ಹಿಂಬಾಗಿಲಿನ ನೂಕುನುಗ್ಗಲಿನಲ್ಲಿ ಸರೋಜಾ ತನ್ನ ತೂಕುಪೋಸಿಯನ್ನು, ಅಂದರೆ ಬುತ್ತಿಯ ಪಾತ್ರೆಯನ್ನು, ಹಿಡಿದುಕೋ ಎಂದು ಇವರ ಕೈಗೆ ಕೊಟ್ಟಳು. ರಸ್ತೆಗೆ ಬರುವಷ್ಟರಲ್ಲಿ ಆಕೆ ಕಾಣಲಿಲ್ಲ. ಆಮೇಲೆಯೂ ಕಾಣಲಿಲ್ಲ. ಹುಡುಕಿಕೊಂಡು ವೆಳ್ಳಕೋಯಿಲಿಗೆ ಹೋದಾಗ ಮನೆ ಖಾಲಿ ಮಾಡಿದ್ದರು. ಕೇರಳಕ್ಕೆ ಹೋದರೆಂದು ಯಾರೋ ಹೇಳಿದರು.

‘ಪೋಸಿ ಈಗ?’ ಎಂದು ನಾನು ಕೇಳಿದೆ.

ಪಳನಿಯಮ್ಮಾಳ್‌ಗೆ ನನ್ನ ಪ್ರಶ್ನೆ ಹಿಡಿಸಲಿಲ್ಲ. ಇನ್ನೊಬ್ಬರ ಪಾತ್ರೆ ಎಲ್ಲಿರುತ್ತದೆ, ಮನೆಯಲ್ಲಿದೆ, ವಾರಕ್ಕೊಮ್ಮೆ ಬೆಳಗುತ್ತೇನೆ ಎಂದರು.

ಕೊಯಮತ್ತೂರು, ಕೊನೆಯ ದಿನ

ಅವರು ಒಂದು ವ್ಯಾನಿನಲ್ಲಿ ಬಂದರು. ಹೆಂಗಸರು ಒಳ್ಳೆಯ ಸೀರೆ ಉಟ್ಟು ಹೂ ಮುಡಿದಿದ್ದರು. ಬಾಗಿಲಲ್ಲಿದ್ದ ಸ್ವಯಂಸೇವಕ ಮದುವೆಯವರೆಂದು ಭಾವಿಸಿ ಪಕ್ಕದ ಮಂಟಪ ತೋರಿಸಿದ. ನನ್ನ ತಪ್ಪು ಆ ಊರಿನಲ್ಲಿ ಎರಡೂ ದಿಕ್ಕಿನಲ್ಲಿ ನಡೆಯುತ್ತದೆಂದು ಸಮಾಧಾನವಾಯಿತು.

ಪಡಸಾಲೆಯಲ್ಲಿ ಸಾಲು ನಿಂತರು. ಯಾರೂ ಹೇಳದೆಯೇ, ಪಾಳಿ ಬಿಟ್ಟಾಗ ನಿಲ್ಲುತ್ತಿದ್ದ ಹಾಗೆ. ಪಳನಿಯಮ್ಮಾಳ್ ಮೊದಲು ಹೋಗಿ ತಮ್ಮ ಬಿಲ್ಲೆಯನ್ನು ತಿರುಗಿಸಿದರು. ಕದಿರು ಹಿಂದೆ ಹೋಗಿ 412 ಎಂಬ ಅಂಕಿ ಕಂಡಿತು. ಇಷ್ಟೇ. ಪಕ್ಕಕ್ಕೆ ಸರಿದು ನಿಂತರು. ಹಿಂದಿದ್ದ ದಪ್ಪ ಮೀಸೆಯ ಮುದುಕರು ತಮ್ಮದನ್ನು ತಿರುಗಿಸಿ ಸೌಡಪ್ಪನ್ ಕಡೆ ನೋಡಿ ಗದರುವ ದನಿಯಲ್ಲಿ ಏನೋ ಕೇಳಿದರು. ಸಾಲಿಡೀ ನಕ್ಕಿತು. ‘ಇಷ್ಟು ವರ್ಷ ಒಳಗಿದ್ದೆನಲ್ಲ, ಓವರ್‌ಟೈಮ್ ಯಾರು ಕೊಡ್ತಾರೆ ಅಂತಂಗ’ ಎಂದು ಸೌಡಪ್ಪನ್ ನನಗೆ ಹೇಳಿದರು. ಒಬ್ಬ ಯುವತಿ ತನ್ನ ತಂದೆಯದನ್ನು ತಿರುಗಿಸಲು ಬಂದಿದ್ದಳು. ಅವಳಿಗೆ ಮೊಳೆ ಯಾವುದೆಂದು ಗೊತ್ತಿರಲಿಲ್ಲ. ಸಾಲಿನಲ್ಲಿದ್ದವರೇ ಕೂಗಿ ತೋರಿಸಿದರು.

ಮಠಪತಿಯವರು ಬಂದದ್ದು ಆ ಹೊತ್ತಿಗೆ. ಸಾಲನ್ನೂ ಹಲಗೆಯನ್ನೂ ನೋಡಿದರು. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು.

‘ಕಡೀಕ ತಿರಗಿಸಿದ್ರೆಲಾ ಸೌಡಪ್ಪನವರ?’

‘ನಾನು ತಿರುಗಿಸಲಿಲ್ಲಂಗ ಸಾರ್. ಅವರವರದು ಅವರವರು ತಿರುಗಿಸ್ತಾ ಇದ್ದಾರೆ.’

‘ನಿಯಮ ಗೊತ್ತದ ಅಲ್ಲ?’

‘ಗೊತ್ತುಂಗ.’

‘ನಾ ಅದನ್ನ ಮುರೀಲಿಕ್ಕೆ ಬರಂಗಿಲ್ಲ ನೋಡ್ರಿ.’

‘ಮುರೀಬ್ಯಾಡಿಂಗ.’

ಅಷ್ಟಕ್ಕೆ ಮುಗಿಯಿತು. ಹಲಗೆ ಸ್ಪರ್ಧೆಯಿಂದ ಹೊರಗೆ. ನಾಲ್ಕನೆಯ ವಿಭಾಗದ ಮಾತು ಆ ವರ್ಷಕ್ಕೆ ಬಿದ್ದುಹೋಯಿತು. ಸೌಡಪ್ಪನ್ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಆಮೇಲೆ ಅದೇ ಟವೆಲ್ಲಿನಿಂದ ಹಲಗೆಯ ಚೌಕಟ್ಟನ್ನೂ ಒರೆಸಿದರು. ಮಠಪತಿ ಹೋಗಲಿಲ್ಲ. ಸಾಲು ಕರಗುವವರೆಗೆ ಕೈ ಕಟ್ಟಿ ನಿಂತಿದ್ದು, ಬಳಿಕ ಭೂತಗನ್ನಡಿ ತೆಗೆದು ಒಂದೊಂದೇ ಬಿಲ್ಲೆಯ ತೂತನ್ನು ನೋಡತೊಡಗಿದರು.

‘ಇಲ್ಲಿ ನೋಡ್ರಿ’ ಎಂದು ನನ್ನನ್ನು ಕರೆದರು. ‘ತೂತ ದುಂಡಗ ಉಳದಿಲ್ಲ. ದಿನಾ ತಿರುವಿ ತಿರುವಿ ಮ್ಯಾಲಿನ ಕಡಿ ಸವದದ. ಹಳಬರದು ಹೆಚ್ಚ, ಹೊಸಬರದು ಕಮ್ಮಿ. ನಾಣ್ಯ ಕೈಯಿಂದ ಕೈಗೆ ಹೋಗಿ ಸವೀತದ, ಇದು ಒಂದ ಕೈಯಾಗ ಸವದದ.’ ಸೌಡಪ್ಪನ್ ಕಡೆ ತಿರುಗಿದರು. ‘ಮುಂದಿನ ವರ್ಷ ಸಭಾ ಸೊಲ್ಲಾಪುರದಾಗ ಅದ. ಹೊಸದಾಗಿ ನೋಂದಣಿ ಮಾಡಿ ತಗೊಂಡ ಬರ್ರಿ. ಈಗ ಹೆಂಗದನೋ ಹಂಗ. ನಾ ನೋಡ್ತೀನಿ.’

ಅದು ದೊಡ್ಡ ಮಾತು. ಸೌಡಪ್ಪನ್‌ಗೂ ಅದು ಗೊತ್ತಿತ್ತು. ಅವರು ಹಲಗೆಯ ಕಡೆ ನೋಡಿದರು. ಅಲ್ಲಿ ಇನ್ನೂ ಕೆಲವು ಕದಿರುಗಳು ಉಳಿದಿದ್ದವು. ಅವುಗಳ ಕಡೆಯವರು ಯಾರೂ ಬಂದಿರಲಿಲ್ಲ.

‘ಅಲ್ಲಿಗೆ ತಂದರೆ ಇವರೆಲ್ಲ ಹೆಂಗೆ ಬರ್ತಾರಂಗ ಸಾರ್?’ ಎಂದರು. ‘ಪಲ್ಲಡಂ ರೋಡಲ್ಲಿ ನಮ್ಮ ಶೆಡ್ಡಿನ ಬಾಗಿಲ ಹತ್ತಿರಾನೇ ಇಡ್ತೀನಿ. ಬಸ್ಸು ನಿಲ್ತದೆ.’

ಮಠಪತಿ ತಲೆಯಾಡಿಸಿದರು. ಒಪ್ಪಿದ್ದೋ, ಸುಮ್ಮನೆ ತಲೆಯಾಡಿಸಿದ್ದೋ ಹೇಳಲಾರೆ. ಹೋಗುವ ಮುನ್ನ ಆ ಶೆಡ್ಡಿನ ವಿಳಾಸವನ್ನು ಕೇಳಿ ಪಡೆದರು. ಇದು ಕಂಡದ್ದು.

ಸಂಜೆಯ ಹೊತ್ತಿಗೆ ಮಂಟಪವನ್ನು ಮಾರನೆಯ ದಿನದ ಮದುವೆಯವರಿಗೆ ಬಿಟ್ಟುಕೊಡಬೇಕಿತ್ತು. ಒಂದು ಕಡೆಯಿಂದ ಗಾಜಿನ ಪೆಟ್ಟಿಗೆಗಳು ಹೊರಗೆ ಹೋಗುತ್ತಿದ್ದವು, ಇನ್ನೊಂದು ಕಡೆಯಿಂದ ಬಾಳೆಗಿಡಗಳು ಒಳಗೆ ಬರುತ್ತಿದ್ದವು. ಸೌಡಪ್ಪನ್ ಮತ್ತು ನಾನು ಹಲಗೆಯನ್ನು ಎತ್ತಿ ಗಾಡಿಗೆ ಏರಿಸಿದ ಕೂಡಲೇ ಬಿಲ್ಲೆಗಳೆಲ್ಲ ಅಲುಗಾಡಿದವು. ಈ ರಸ್ತೆಯಲ್ಲಿ ಪಲ್ಲಡಂ ಮುಟ್ಟುವುದರೊಳಗೆ ಯಾರು ಒಳಗೆ ಯಾರು ಹೊರಗೆ ಎಂಬುದು ಕಲಸಿಹೋಗುತ್ತಿತ್ತು. ಬರುವಾಗ ಹೇಗೆ ತಂದಿರಿ ಎಂದು ಕೇಳಿದೆ. ಸೌಡಪ್ಪನ್ ಗಾಡಿಯಿಂದ ಒಂದು ಉಂಡೆ ನೂಲು ತೆಗೆದು ತೋರಿಸಿದರು. ಪ್ರತಿಯೊಂದನ್ನೂ ಮೊಳೆಗೆ ಕಟ್ಟಬೇಕು.

ವ್ಯಾನ್ ಹತ್ತಲು ಹೊರಟಿದ್ದ ಪಳನಿಯಮ್ಮಾಳ್ ನಾನು ಹಾಕಿದ ಮೊದಲ ಗಂಟನ್ನು ನೋಡಿದರು. ನೂಲನ್ನು ನನ್ನ ಕೈಯಿಂದ ತೆಗೆದುಕೊಂಡರು. ಆಮೇಲೆ ನಡೆದದ್ದು ಕಣ್ಣಿಗೆ ಸರಿಯಾಗಿ ಕಾಣಲಿಲ್ಲ, ಅಷ್ಟು ವೇಗ. ಎರಡು ಬೆರಳು ತಿರುಗುತ್ತಿದ್ದವು, ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದರು, ಮುಂದಿನ ಮೊಳೆಗೆ ಹೋಗುತ್ತಿದ್ದರು. ಯಂತ್ರ ಗುರುತಿಸದ ಬೆರಳುಗಳು ಅವೇ. ಸಂಖ್ಯೆಯಿದ್ದವನ್ನು ಸಂಖ್ಯೆಯಾಗಿ, ಕದಿರಿದ್ದವನ್ನು ಕದಿರಾಗಿ ಕಟ್ಟುತ್ತಾ ಸಾಲುಗಳನ್ನು ಮುಗಿಸಿ ತಮ್ಮ 412ಕ್ಕೆ ಬಂದರು. ಅದನ್ನು ಬಿಗಿಯಾಗಿ ಕಟ್ಟಿದರು.

ಪಕ್ಕದ ಮೊಳೆಯಲ್ಲಿ ಕದಿರಿತ್ತು. ಅದು ಸರೋಜಾಳದು. ಅಲ್ಲಿ ಮಾತ್ರ ಕೈ ನಿಧಾನವಾಯಿತು. ನೂಲನ್ನು ಸುತ್ತಿ, ಒಂದು ಕುಣಿಕೆ ಬಿಟ್ಟು, ತುದಿಯನ್ನು ಉದ್ದಕ್ಕೆ ಇಳಿಬಿಟ್ಟರು. ಎಳೆದರೆ ಬಿಚ್ಚಿಕೊಳ್ಳುವಂಥ ಗಂಟು. ಇದು ಸಡಿಲವಾಯಿತಲ್ಲ, ದಾರಿಯಲ್ಲಿ ತಿರುಗಿಬಿಟ್ಟರೆ ಎಂದು ಸೌಡಪ್ಪನ್ ತಮಿಳಿನಲ್ಲಿ ಕೇಳಿದರು.

ಪಳನಿಯಮ್ಮಾಳ್ ಇಳಿಬಿದ್ದ ಎಳೆಯನ್ನು ಬೆರಳಿನಿಂದ ನೇರ ಮಾಡಿದರು. ‘ಅವ ವರುವಾ’ ಎಂದರು, ಅವಳು ಬರುತ್ತಾಳೆ. ‘ಅವಳಿಗೂ ಈಗ ವಯಸ್ಸಾಗಿರ್ತದೆ, ಬಿಗಿ ಗಂಟು ಬಿಚ್ಚಕ್ಕೆ ಆಗಾದಿಲ್ಲ ಅಂತಾರಂಗ’ ಎಂದು ಉಳಿದದ್ದನ್ನು ಸೌಡಪ್ಪನ್ ನನಗೆ ಕನ್ನಡದಲ್ಲಿ ಹೇಳಿದರು.